ಕಿಲ್ಪೆಕ್ ಚರ್ಚು: ಶಿಲ್ಪದ ಅರ್ಥ ಮತ್ತು ಸ್ಥಾನದ ಔಚಿತ್ಯ

ಇಂಗ್ಲೆಂಡಿನ ಹಳ್ಳಿಗಳಲ್ಲಿ ಮಧ್ಯಯುಗದಿಂದ ಉಳಿದುಬಂದಿರುವ ಪ್ಯಾರಿಷ್ ಚರ್ಚುಗಳನ್ನು ಸಾವಿರಗಳಲ್ಲಿ ಎಣಿಸಬೇಕು. ಪ್ಯಾರಿಷ್ ಎಂದರೆ ಒಬ್ಬ ಪಾದ್ರಿಯ ಆರೈಕೆಗೆ ಒಳಪಟ್ಟ ಊರು ಅಥವಾ ಕೆಲವು ಊರುಗಳ ಎಲ್ಲೆ. ಆ ಎಲ್ಲೆಯೊಳಗೆ ಹುಟ್ಟಿದ ಮಗುವಿಗೆ ದೀಕ್ಷಾಸ್ನಾನ ಮಾಡಿಸುವ, ಸತ್ತವರನ್ನು ಹೂಳುವ, ಬೆಳೆಯಲ್ಲಿ ಹತ್ತರ ಒಂದು ಪಾಲನ್ನು ಪಡೆಯುವ ಅಧಿಕಾರ ಯಾವ ಗುಡಿಗೆ ಇದ್ದಿತೋ ಅದೇ ಆ ಪ್ಯಾರಿಷ್ಷಿನ ಚರ್ಚಾಗಿತ್ತು. ಇಂತಹ ಕಟ್ಟಡಗಳು ಒಬ್ಬನ ಕೈಯಿಂದಾಗಲಿ ಒಂದು ಕಾಲದಲ್ಲಾಗಲಿ ಆದುವಲ್ಲ. 12ನೆಯ ಶತಮಾನದ ಗೋಡೆಗೆ 13ನೆಯ ಶತಮಾನದವರು ಕಿಟಕಿ ಇಟ್ಟರು. ಮುಂದಿನವರು ಪಕ್ಕದ ಸಾಲೊಂದನ್ನು ಸೇರಿಸಿದರು. 15ನೆಯ ಶತಮಾನದಲ್ಲಿ ಉಣ್ಣೆಯ ವ್ಯಾಪಾರದಿಂದ ಹಣ ಬಂದ ಕಡೆ ಗೋಪುರವೆದ್ದಿತು. ಹಳ್ಳಿಯ ಚರ್ಚನ್ನು ಓದುವುದೆಂದರೆ ಬಹುತೇಕ ಈ ಪದರಗಳನ್ನು ಒಂದೊಂದಾಗಿ ಬಿಡಿಸುವುದು.

ಹೆರಿಫರ್ಡ್‌ಷೈರಿನ ಕಿಲ್ಪೆಕ್ ಗ್ರಾಮದ ಚರ್ಚು ಈ ನಿಯಮಕ್ಕೆ ಅಪವಾದ. ಅದು ಆರಂಭದಿಂದ ಕೊನೆಯವರೆಗೆ 12ನೆಯ ಶತಮಾನದ ಪೂರ್ವಾರ್ಧದ್ದು. ನಂತರದವರು ಅದಕ್ಕೆ ಕೂಡಿಸಿದ್ದು ಅತ್ಯಲ್ಪ. ಅದರ ಹೊರಮೈಯಲ್ಲಿರುವ ಶಿಲ್ಪದ ಸಮೃದ್ಧಿ ಇಷ್ಟು ಸಣ್ಣ ಕಟ್ಟಡದಲ್ಲಿ ಇಂಗ್ಲೆಂಡಿನ ಬೇರೆಡೆ ಕಾಣಸಿಗುವುದು ದುರ್ಲಭ. ಹೀಗಾಗಿ ಸುಮಾರು ನೂರೆಂಬತ್ತು ವರ್ಷಗಳಿಂದ ವಿದ್ವಾಂಸರೂ ಪ್ರವಾಸಿಗಳೂ ಅದನ್ನು ಕುರಿತು ಎಡೆಬಿಡದೆ ಬರೆದಿದ್ದಾರೆ. ಆದರೆ ಈ ಬರೆಹಗಳಲ್ಲಿ ಬಹುಭಾಗವು ಒಂದೇ ದೋಷದಿಂದ ಬಳಲುತ್ತಿದೆಯೆಂದು ನಮಗೆ ತೋರುತ್ತದೆ. ಚರ್ಚಿನ ಸಮಸ್ತ ಶಿಲ್ಪಕ್ಕೂ ಒಂದೇ ಬೀಗದ ಕೈಯನ್ನು ಹುಡುಕುವುದೇ ಆ ದೋಷ. ಒಬ್ಬರಿಗೆ ಎಲ್ಲವೂ ಕ್ರೈಸ್ತ ಸಂಕೇತ. ಇನ್ನೊಬ್ಬರಿಗೆ ಎಲ್ಲವೂ ಕ್ರೈಸ್ತಪೂರ್ವ ಧರ್ಮದ ಅವಶೇಷ. ಮತ್ತೊಬ್ಬರಿಗೆ ಎಲ್ಲವೂ ಬರಿಯ ಅಲಂಕಾರ. ನಮ್ಮ ಅಲಂಕಾರಶಾಸ್ತ್ರದಲ್ಲಿ ಔಚಿತ್ಯವೆಂಬ ಮಾತುಂಟು. ಯಾವುದು ಎಲ್ಲಿ ಇರಬೇಕೋ ಅಲ್ಲಿ ಇದ್ದರೆ ಅದು ಶೋಭಿಸುತ್ತದೆ ಎಂದು ಅದರ ಸ್ಥೂಲಾರ್ಥ. ಕಿಲ್ಪೆಕ್ಕಿನ ಶಿಲ್ಪವನ್ನು ಈ ದೃಷ್ಟಿಯಿಂದ, ಎಂದರೆ ಪ್ರತಿಯೊಂದು ಕಲ್ಲೂ ಕಟ್ಟಡದ ಯಾವ ಸ್ಥಾನದಲ್ಲಿ ನಿಂತಿದೆಯೆಂಬುದರಿಂದ, ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ನಮ್ಮ ಆಧಾರ ಅಚ್ಚಾದ ಛಾಯಾಚಿತ್ರಗಳು, ಹಳೆಯ ರೇಖಾಚಿತ್ರಗಳು ಮತ್ತು ಪ್ರಕಟಿತ ಅಧ್ಯಯನಗಳು.

ಮೊದಲು ಸ್ಥಳವನ್ನು ಕುರಿತು ಒಂದೆರಡು ಮಾತು. ಕಿಲ್ಪೆಕ್ ಹೆರಿಫರ್ಡ್ ನಗರದ ನೈಋತ್ಯಕ್ಕೆ ಸುಮಾರು 8 ಮೈಲಿ ದೂರದಲ್ಲಿದೆ. ಅಲ್ಲಿಂದ ವೇಲ್ಸಿನ ಗುಡ್ಡಗಳು ದೂರವಲ್ಲ. ಈ ಪ್ರದೇಶವು ಪೂರ್ವದಲ್ಲಿ ಎರ್ಗಿಂಗ್ ಎಂಬ ವೆಲ್ಷ್ ನಾಡಿಗೆ ಸೇರಿತ್ತು; ಇಂಗ್ಲಿಷರು ಅದನ್ನು ಆರ್ಚನ್‌ಫೀಲ್ಡ್ ಎಂದರು. 1086ರ ಡೂಮ್ಸ್‌ಡೇ ದಫ್ತರು ಕೂಡ ಇಲ್ಲಿಯ ವೆಲ್ಷ್ ಜನರ ಕಟ್ಟಳೆಗಳನ್ನು ಬೇರೆಯಾಗಿಯೇ ದಾಖಲಿಸುತ್ತದೆ. ಊರಿನ ಹೆಸರಿನ ಮೊದಲ ಭಾಗವೂ ವೆಲ್ಷ್ ಮಾತೇ. ಮೂಲೆ ಅಥವಾ ಮರೆಯಾದ ಎಡೆ ಎಂದು ಅದರ ಅರ್ಥ. ಚರ್ಚಿಗೆ ಮೇರಿ ಮತ್ತು ಡೇವಿಡ್ ಎಂಬ ಇಬ್ಬರು ಸಂತರ ಹೆಸರಿದೆ. ಡೇವಿಡ್ ವೇಲ್ಸಿನವರ ಪಾಲಕ ಸಂತ. ಡೂಮ್ಸ್‌ಡೇ ಕಾಲಕ್ಕೆ ಊರು ನಾರ್ಮನ್ ದೊರೆಗಳಿಂದ ಭೂಮಿ ಪಡೆದ ವಿಲಿಯಂ ಎಂಬವನ ಕೈಯಲ್ಲಿತ್ತು. ಅವನ ಮಗ ಹ್ಯೂ, ರಾಜನ ಅರಣ್ಯಗಳ ಕಾವಲಿನ ಅಧಿಕಾರಿ. 1134ರಲ್ಲಿ ಹ್ಯೂ ಕಿಲ್ಪೆಕ್ಕಿನ ಚರ್ಚನ್ನು ಗ್ಲಾಸ್ಟರಿನ ಸಂತ ಪೀಟರ್ ಮಠಕ್ಕೆ ದತ್ತಿಯಾಗಿ ಕೊಟ್ಟನು; ಮಠದವರು ಸಮೀಪದಲ್ಲಿ ಒಂದು ಸಣ್ಣ ಉಪಮಠವನ್ನು ನಡೆಸಿದರು.

ಈ ವೃತ್ತಾಂತವನ್ನು ಹೇಳಿದುದು ಸುಮ್ಮನೆ ಅಲ್ಲ. ಚರ್ಚಿನ ಪಶ್ಚಿಮಕ್ಕೆ, ಕೂಗಳತೆಯಲ್ಲಿ, ಹ್ಯೂವಿನ ಕೋಟೆಯ ಮಣ್ಣಿನ ದಿಬ್ಬವಿದೆ. ಅದರ ಮೇಲೆ ಕಲ್ಲುಗೋಡೆಯ ತುಂಡುಗಳು ಇಂದಿಗೂ ನಿಂತಿವೆ. ಚರ್ಚಿನ ಈಶಾನ್ಯಕ್ಕೆ ಹುಲ್ಲುಗಾವಲು. ಅದರಲ್ಲಿ ಹಳೆಯ ಹಳ್ಳಿಯ ಮನೆಗಳ ಹಾಗೂ ಸುತ್ತಲಿನ ಆವರಣದ ಗುರುತುಗಳು ನೆಲದ ಏರುತಗ್ಗುಗಳಾಗಿ ಉಳಿದಿವೆ. ಹೀಗೆ ಒಂದು ಕಡೆ ಒಡೆಯ, ಇನ್ನೊಂದು ಕಡೆ ಒಕ್ಕಲು, ನಡುವೆ ಚರ್ಚು. ಈ ಚರ್ಚು ಯಾರದು ಎಂಬ ಪ್ರಶ್ನೆಯನ್ನು ನೆಲವೇ ಕೇಳುವಂತಿದೆ.

ಕಟ್ಟಡದ ವಿನ್ಯಾಸ ಸರಳವಾದುದು. ಪಶ್ಚಿಮದಿಂದ ಪೂರ್ವಕ್ಕೆ ಮೂರು ಅಂಕಣಗಳು ಒಂದರ ಹಿಂದೊಂದು ಸಾಲಾಗಿವೆ, ಒಂದಕ್ಕಿಂತ ಒಂದು ಕಿರಿದಾಗಿ. ಮೊದಲನೆಯದು ಜನರು ನೆರೆಯುವ ನೇವ್. ಎರಡನೆಯದು ಪಾದ್ರಿಯ ಕಾರ್ಯಕ್ಕೆ ಮೀಸಲಾದ ಚಾನ್ಸೆಲ್. ಮೂರನೆಯದು ಪೀಠವನ್ನು ಒಳಗೊಂಡ, ಅರ್ಧವೃತ್ತಾಕಾರವಾದ ಏಪ್ಸ್. ಪಕ್ಕದ ಸಾಲುಗಳಿಲ್ಲ, ಗೋಪುರವಿಲ್ಲ. ಪಶ್ಚಿಮದ ಗೋಡೆಯ ನೆತ್ತಿಯ ಮೇಲೆ ಗಂಟೆ ತೂಗುವ ಸಣ್ಣ ಕಟ್ಟೋಣವೊಂದಿದೆ, ಅಷ್ಟೆ. ಏಪ್ಸಿನ ಚಾವಣಿಯನ್ನು ಕಲ್ಲಿನ ಕಮಾನುಪಟ್ಟಿಗಳು ಹೊತ್ತಿವೆ. ಅವುಗಳ ಮೇಲೆ ನಾರ್ಮನ್ನರಿಗೆ ಅತಿಪ್ರಿಯವಾದ ಅಂಕುಡೊಂಕಿನ ಕೆತ್ತನೆಯಿದೆ. ಪಶ್ಚಿಮದಲ್ಲಿ ನಿಂತು ಪೂರ್ವದತ್ತ ನೋಡಿದವನಿಗೆ ಸ್ಥಳವು ಹೆಜ್ಜೆಹೆಜ್ಜೆಗೂ ಕಿರಿದಾಗುತ್ತ, ಗಹನವಾಗುತ್ತ ಹೋಗುತ್ತದೆ. ದೇವಾಲಯದಲ್ಲಿ ನವರಂಗವನ್ನೂ ಸುಕನಾಸಿಯನ್ನೂ ದಾಟಿ ಗರ್ಭಗುಡಿಯ ಬಾಗಿಲಿಗೆ ಬಂದು ನಿಲ್ಲುವ ನಮ್ಮ ಓದುಗರಿಗೆ ಈ ಕ್ರಮವನ್ನು ವಿವರಿಸಬೇಕಾದುದಿಲ್ಲ. ಆದರೆ ಹೋಲಿಕೆಯನ್ನು ಇಷ್ಟಕ್ಕೇ ನಿಲ್ಲಿಸುವುದು ಒಳಿತು.

ಈ ವಿನ್ಯಾಸದಲ್ಲಿ ಎರಡು ಹೊಸ್ತಿಲುಗಳಿವೆ. ಹೊರಗಿನಿಂದ ನೇವಿಗೆ ಕರೆದೊಯ್ಯುವ ದಕ್ಷಿಣದ ಬಾಗಿಲು ಒಂದು. ನೇವ್ ಮತ್ತು ಚಾನ್ಸೆಲ್‌ಗಳ ನಡುವಣ ಕಮಾನು ಇನ್ನೊಂದು. ಶಿಲ್ಪಿಯ ಉದ್ದೇಶಪೂರ್ವಕವಾದ ರಚನೆ ಈ ಎರಡು ಕಡೆಗಳಲ್ಲಿ ಸ್ಪಷ್ಟವಾಗಿ ಗೋಚರಿಸುತ್ತದೆ ಎಂಬುದು ನಮ್ಮ ಮೊದಲನೆಯ ಪ್ರತಿಪಾದನೆ.

ದಕ್ಷಿಣದ ಬಾಗಿಲನ್ನು ನೋಡೋಣ. ಬಾಗಿಲ ಮೇಲಣ ಅರ್ಧಚಂದ್ರಾಕಾರದ ಫಲಕದಲ್ಲಿ ಒಂದು ಲತೆ. ಅದು ಎಡಬಲಗಳಿಗೆ ಸುರುಳಿಯಾಗಿ ಹಬ್ಬಿ ಗೊಂಚಲುಗಳನ್ನು ತಳೆದಿದೆ. ಇಂತಹ ಫಲಕದಲ್ಲಿ ಸಾಮಾನ್ಯವಾಗಿ ಸಿಂಹಾಸನಸ್ಥನಾದ ಕ್ರಿಸ್ತನನ್ನು ಕೆತ್ತುವುದು ಆ ಕಾಲದ ರೂಢಿ. ಇದೇ ಶಿಲ್ಪಿವರ್ಗದ ಕೆಲಸವೆನಿಸಿದ ಸಮೀಪದ ರೌಲ್‌ಸ್ಟನ್ ಚರ್ಚಿನಲ್ಲಿ ಹಾಗೆಯೇ ಇದೆ. ಕಿಲ್ಪೆಕ್ಕಿನಲ್ಲಿ ಮಾತ್ರ ಮೂರ್ತಿಯ ಬದಲು ಲತೆ. ಯೋಹಾನನ ಸುವಾರ್ತೆಯಲ್ಲಿ ಕ್ರಿಸ್ತನು ತನ್ನನ್ನು ದ್ರಾಕ್ಷಿಯ ಬಳ್ಳಿಗೆ ಹೋಲಿಸಿಕೊಳ್ಳುತ್ತಾನೆಂಬುದನ್ನು ನೆನೆದರೆ, ಏದೆನ್ ತೋಟದ ಜೀವವೃಕ್ಷದ ಪ್ರಸಂಗವನ್ನೂ ಅದಕ್ಕೆ ಜೋಡಿಸಿದರೆ, ಅರ್ಥವು ತಾನಾಗಿ ಒದಗುತ್ತದೆ. ಫಲಕವನ್ನು ಸುತ್ತುವರಿದ ಕಮಾನಿನ ಕಲ್ಲುಗಳ ಮೇಲೆ ಕೊಕ್ಕಿನ ತಲೆಗಳು, ವಿಚಿತ್ರ ಪ್ರಾಣಿಗಳು. ಹೊರಗಿನ ಸುತ್ತಿನಲ್ಲಿ ಮುಖವಾಡಗಳಿಂದ ಕೂಡಿಸಲ್ಪಟ್ಟ ಪದಕಗಳ ಮಾಲೆ. ಬಾಗಿಲ ಹೊರಗಂಬಗಳ ಮೇಲೆ ಸರ್ಪಗಳು ಒಂದರ ಬಾಲವನ್ನೊಂದು ಕಚ್ಚುತ್ತ ಹೆಣೆದುಕೊಂಡಿವೆ. ಎಡಗಡೆಯ ಒಳಗಂಬದಲ್ಲಿ ಇಬ್ಬರು ಪುರುಷರು ಒಬ್ಬನ ಮೇಲೊಬ್ಬನು ನಿಂತಿದ್ದಾರೆ. ತಲೆಗೆ ಚೂಪು ಟೋಪಿ, ಕಾಲಿಗೆ ಇಜಾರ. ಬಳ್ಳಿಯ ಕುಣಿಕೆಗಳು ಅವರ ಮೈಕೈಗಳನ್ನು ಸುತ್ತಿ ಕಟ್ಟಿಹಾಕಿವೆ. ಅವರನ್ನು ವೇಲ್ಸಿನ ಯೋಧರೆಂದು ಕರೆಯುವ ವಾಡಿಕೆ ಉಂಟಾದರೂ ಅದಕ್ಕೆ ಉಡುಪಿನ ಹೊರತು ಬೇರೆ ಆಧಾರವಿಲ್ಲ. ಬಲಗಡೆಯ ಕಂಬದಲ್ಲಿ ಮನುಷ್ಯರಿಲ್ಲ. ಎಲೆಬಳ್ಳಿ, ಅದರ ಬುಡದಲ್ಲಿ ಹಕ್ಕಿಗಳು. ಬೋದಿಗೆಯಲ್ಲಿ ಬಾಯಿಂದ ಬಳ್ಳಿಯನ್ನು ಉಗುಳುತ್ತಿರುವ ಒಂದು ಮುಖ.

ಇಲ್ಲಿ ಯೋಜನೆಯಿಲ್ಲವೆಂದು ಯಾರೂ ಹೇಳಲಾರರು. ಒಂದೇ ಬಳ್ಳಿ ಮೇಲೆ ಫಲವಾಗಿದೆ, ಕೆಳಗೆ ಎಡಕ್ಕೆ ಬಂಧನವಾಗಿದೆ, ಬಲಕ್ಕೆ ಆಶ್ರಯವಾಗಿದೆ. ಒಳಗೆ ಕಾಲಿಡುವವನು ಈ ಮೂರರ ನಡುವೆ ಹಾಯ್ದುಹೋಗಬೇಕು. ಓದು ಬಾರದ ಒಕ್ಕಲಿಗನಿಗೆ ಇದು ಎಷ್ಟರಮಟ್ಟಿಗೆ ತಿಳಿಯುತ್ತಿತ್ತು ಎಂದು ಕೇಳಬಹುದು. ಆದರೆ ಬಳ್ಳಿ ತೊಡರಿಕೊಂಡರೆ ಏನಾಗುತ್ತದೆಂಬುದು ಕಾಡಂಚಿನ ಒಕ್ಕಲಿಗನಿಗಲ್ಲದೆ ಇನ್ನಾರಿಗೆ ತಿಳಿದೀತು!

ಎರಡನೆಯ ಹೊಸ್ತಿಲು, ಚಾನ್ಸೆಲಿನ ಕಮಾನು, ಇದಕ್ಕಿಂತ ತೀರ ಬೇರೆಯ ಧಾಟಿಯದು. ಇಲ್ಲಿ ಪ್ರಾಣಿಗಳಿಲ್ಲ. ಎರಡು ಪಕ್ಕದ ಕಂಬಗಳಲ್ಲಿ ತಲಾ ಮೂವರಂತೆ ಆರು ಮಂದಿ ಸಂತರು ಒಬ್ಬರ ಮೇಲೊಬ್ಬರು ನಿಂತಿದ್ದಾರೆ. ಬೀಗದ ಕೈಯನ್ನು ಹಿಡಿದವನು ಪೀಟರನೆಂಬುದರಲ್ಲಿ ಸಂಶಯವಿಲ್ಲ. ನೀಳವಾದ ನಿಲುವು, ನೆರಿಗೆ ನೆರಿಗೆಯಾಗಿ ಇಳಿಬಿಟ್ಟ ವಸ್ತ್ರ, ಕದಲದ ಮುಖ. ಹೊರಬಾಗಿಲಲ್ಲಿ ಬಳ್ಳಿಗೆ ಸಿಕ್ಕಿದ ಇಬ್ಬರು ಒಬ್ಬರ ಮೇಲೊಬ್ಬರು ನಿಂತಿದ್ದರಷ್ಟೆ. ಒಳಬಾಗಿಲಲ್ಲಿ ಬಂಧನವಿಲ್ಲದವರು ಅದೇ ಬಗೆಯಲ್ಲಿ ನಿಂತಿದ್ದಾರೆ. ಈ ಸಾದೃಶ್ಯವು ಆಕಸ್ಮಿಕವೆಂದು ನಾವು ಒಪ್ಪಲಾರೆವು. ಕಿಲ್ಪೆಕ್ಕನ್ನು ಕುರಿತ ಬರೆಹಗಳಲ್ಲಿ ಬಾಗಿಲಿಗೆ ಒಂದು ಅಧ್ಯಾಯ, ಕಮಾನಿಗೆ ಇನ್ನೊಂದು ಅಧ್ಯಾಯ ಮೀಸಲಾಗುವುದರಿಂದಲೇ ಈ ಅಂಶಕ್ಕೆ ಸಲ್ಲಬೇಕಾದಷ್ಟು ಒತ್ತು ಸಲ್ಲುವುದಿಲ್ಲವೇನೋ.

ಕಮಾನಿನ ಸಂತರು ಇನ್ನೊಂದು ಚರ್ಚೆಗೂ ಎಡೆಮಾಡಿಕೊಟ್ಟಿದ್ದಾರೆ. ಕಂಬದ ಮೇಲೆ ಮೂರ್ತಿಗಳನ್ನು ಹೀಗೆ ಮೇಲಿಂದ ಮೇಲೆ ನಿಲ್ಲಿಸುವ ಪದ್ಧತಿ ಇಂಗ್ಲೆಂಡಿನಲ್ಲಿ ಅಪರೂಪ. ಅದು ಸ್ಪೇನಿನ ಸಾಂತಿಯಾಗೊ ದ ಕಾಂಪೊಸ್ಟೆಲಾದ ದಕ್ಷಿಣದ್ವಾರದಲ್ಲಿದೆ. ಹೆರಿಫರ್ಡ್‌ಷೈರಿನ ಉತ್ತರಭಾಗದಲ್ಲಿ ಷಾಬ್ಡನ್ ಎಂಬ ಊರುಂಟು. ಅಲ್ಲಿಯ ಚರ್ಚನ್ನು ಕಟ್ಟಿಸಿದ ಆಲಿವರ್ ದ ಮರ್ಲಿಮಾಂಡ್ ಎಂಬವನು ಹ್ಯೂ ಮಾರ್ಟಿಮರನ ಪಾರುಪತ್ಯಗಾರ; ಅವನು ಸಾಂತಿಯಾಗೊಗೆ ಯಾತ್ರೆ ಹೋಗಿಬಂದನೆಂದು ವಿಗ್ಮೋರ್ ಮಠದ ವೃತ್ತಾಂತ ಹೇಳುತ್ತದೆ. ಷಾಬ್ಡನ್ನಿನ ಶಿಲ್ಪಕ್ಕೂ ಕಿಲ್ಪೆಕ್ಕಿನ ಶಿಲ್ಪಕ್ಕೂ ನಿಕಟವಾದ ಸಾಮ್ಯವಿದೆ. ಇವುಗಳನ್ನೂ ಈರ್ಡಿಸ್ಲಿ ಮತ್ತು ಕ್ಯಾಸಲ್ ಫ್ರೋಮ್‌ಗಳ ದೀಕ್ಷಾಸ್ನಾನದ ಪಾತ್ರೆಗಳನ್ನೂ ಬ್ರಿನ್‌ಸಪ್, ಸ್ಟ್ರೆಟನ್ ಶುಗ್ವಸ್ ಮೊದಲಾದೆಡೆಗಳ ಫಲಕಗಳನ್ನೂ ಸೇರಿಸಿ ವಿದ್ವಾಂಸರು ಹೆರಿಫರ್ಡ್‌ಷೈರ್ ಶಿಲ್ಪಪರಂಪರೆ ಎಂದು ಕರೆದಿದ್ದಾರೆ. ಪೋಲೆಂಡಿನವರಾಗಿದ್ದು ಇಂಗ್ಲೆಂಡಿನಲ್ಲಿ ನೆಲೆಸಿದ ಜಾರ್ಜ್ ಜಾರ್ನೆಟ್ಸ್ಕಿಯವರು 1950ರಲ್ಲಿ ಲಂಡನ್ ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದ ಪ್ರಬಂಧ ಈ ಅಧ್ಯಯನಕ್ಕೆ ಬುನಾದಿ. 1999ರಲ್ಲಿ ಮಾಲ್ಕಮ್ ತರ್ಲ್‌ಬಿಯವರು ಈ ಪರಂಪರೆಯನ್ನೇ ಕುರಿತು ಪ್ರತ್ಯೇಕ ಗ್ರಂಥವನ್ನು ಪ್ರಕಟಿಸಿ ಸ್ಥಳೀಯ ಮೂಲಗಳ ಕಡೆಗೂ ಗಮನ ಸೆಳೆದರು.

ಯಾತ್ರೆಯ ಈ ಕಥೆ ಮನೋಹರವಾದುದು. ಆದುದರಿಂದಲೇ ಅದನ್ನು ಎಚ್ಚರದಿಂದ ಬಳಸಬೇಕು. ಆಲಿವರನು ಯಾತ್ರೆ ಮಾಡಿದನೆಂಬುದು ದಾಖಲೆ. ಅವನ ಸಂಗಡ ಶಿಲ್ಪಿಯೊಬ್ಬನು ಹೋಗಿ ಕಂಡುದನ್ನು ಚರ್ಮದ ಹಾಳೆಯ ಮೇಲೆ ಬರೆದುಕೊಂಡು ಬಂದನೆಂಬುದು ಊಹೆ. ಕಾಲನಿರ್ಣಯದ ವಿಷಯದಲ್ಲಂತೂ ತರ್ಕವು ಚಕ್ರದಂತೆ ಸುತ್ತುವ ಅಪಾಯವಿದೆ. ಕಿಲ್ಪೆಕ್ ಷಾಬ್ಡನ್ನನ್ನು ಅನುಸರಿಸಿದ್ದಾದರೆ ಅದು ಸುಮಾರು 1140ರದು. ಆದರೆ ಹ್ಯೂ ಚರ್ಚನ್ನು ಮಠಕ್ಕೆ ಕೊಟ್ಟದ್ದು 1134ರಲ್ಲಿ; ಹೊಸದಾಗಿ ಕಟ್ಟಿಸಿ ಕೊಟ್ಟನೆಂದು ಹಿಡಿದರೆ ಕಿಲ್ಪೆಕ್ಕೇ ಮೊದಲಾಗಬೇಕಾಗುತ್ತದೆ. ಹಳೆಯ ಚರ್ಚನ್ನು ಕೊಟ್ಟು ಆಮೇಲೆ ಹೊಸದನ್ನು ಕಟ್ಟಿಸಿದನೆಂದು ಹೇಳಲು ಅಡ್ಡಿಯೇನೂ ಇಲ್ಲ. ಶೈಲಿಯೊಂದರಿಂದಲೇ ಆರು ವರ್ಷಗಳ ಅಂತರವನ್ನು ನಿರ್ಧರಿಸಬಹುದೆಂಬ ಧೈರ್ಯ ನಮಗಿಲ್ಲ. ಬಹುಮಟ್ಟಿಗೆ ಒಪ್ಪಿತವಾಗಿರುವ 1140ರ ಸುಮಾರು ಎಂಬುದನ್ನೇ ಇಟ್ಟುಕೊಂಡು ಮುಂದುವರಿಯುತ್ತೇವೆ.

ಇನ್ನು ವಾದಗ್ರಸ್ತವಾದ ಭಾಗಕ್ಕೆ ಬರೋಣ. ಚರ್ಚಿನ ಹೊರಗೋಡೆಯ ನೆತ್ತಿಯಲ್ಲಿ, ಸೂರಿನ ಅಡಿಯಲ್ಲಿ, ಗೋಡೆಯಿಂದ ಹೊರಕ್ಕೆ ಚಾಚಿಕೊಂಡ ಕಲ್ಲುಗಳ ಸಾಲೊಂದು ಕಟ್ಟಡವನ್ನು ಸುತ್ತುವರಿದಿದೆ. ಮೇಲಿನ ಕಲ್ಲುಪಟ್ಟಿಯ ಭಾರವನ್ನು ಹೊರುವುದು ಇವುಗಳ ಕೆಲಸ. ಇವನ್ನು ಚಾಚುಗಲ್ಲುಗಳೆಂದು ಕರೆಯೋಣ. ಮೂಲದಲ್ಲಿ ಇವು 91 ಇದ್ದುವು, 85 ಉಳಿದಿವೆ. ಒಂದರಂತೆ ಇನ್ನೊಂದಿಲ್ಲ. ಟಗರಿನ ತಲೆ, ಕರಡಿಯ ತಲೆ, ಹಕ್ಕಿಯ ತಲೆ, ತಂತಿವಾದ್ಯವನ್ನು ನುಡಿಸುವವನು, ಒಬ್ಬರನ್ನೊಬ್ಬರು ಹಿಡಿದುಕೊಂಡ ಜೋಡಿ, ಶಿಲುಬೆಯನ್ನು ಹೊತ್ತ ದೇವರ ಕುರಿಮರಿ, ಅದೂ ಕುರಿಗಿಂತ ಕುದುರೆಯನ್ನೇ ಹೆಚ್ಚು ಹೋಲುವಂಥದು, ಅಕ್ಕಪಕ್ಕದಲ್ಲಿ ತಲೆಯಿಟ್ಟು ಇಣುಕುವ ಒಂದು ನಾಯಿ ಮತ್ತು ಒಂದು ಮೊಲ. ಏಪ್ಸಿನ ಸುತ್ತಿನಲ್ಲಿ, ತನ್ನ ಗುಹ್ಯಾಂಗವನ್ನು ಎರಡು ಕೈಗಳಿಂದ ತೆರೆದು ತೋರುತ್ತಿರುವ ಒಬ್ಬ ಸ್ತ್ರೀ. ಐರ್ಲೆಂಡಿನಿಂದ ಬಂದ ಹೆಸರಿನಿಂದ ಇಂಥ ಮೂರ್ತಿಗಳನ್ನು ಶೀಲಾ-ನಾ-ಗಿಗ್ ಎನ್ನುತ್ತಾರೆ.

ಈ ಸಾಲನ್ನು ಮೊದಲು ಸಮಗ್ರವಾಗಿ ಚಿತ್ರಿಸಿ ಪ್ರಕಟಿಸಿದವನು ಜಾರ್ಜ್ ರಾಬರ್ಟ್ ಲೂಯಿಸ್ ಎಂಬ ಚಿತ್ರಕಾರ, 1842ರಲ್ಲಿ. ಅವನ ಶ್ರಮಕ್ಕೆ ನಾವೆಲ್ಲರೂ ಋಣಿಗಳು. ಆದರೆ ಅವನು ಕೇವಲ ಚಿತ್ರ ಬರೆದು ಸುಮ್ಮನಾಗಲಿಲ್ಲ. ಚರ್ಚಿನ ಪ್ರತಿಯೊಂದು ಕಲ್ಲೂ ಕ್ರೈಸ್ತತತ್ತ್ವದ ಒಂದೊಂದು ಅಕ್ಷರವೆಂದು ಸಾಧಿಸಲು ಹೊರಟನು. ಆ ಸ್ತ್ರೀಮೂರ್ತಿಯ ಮುಂದೆ ಬಂದಾಗ ಅವನ ವಿಧಾನ ಎಲ್ಲಿಗೆ ಮುಟ್ಟಿತೆಂಬುದು ನೋಡತಕ್ಕದ್ದು. ಅವನಿಗೆ ಕಂಡದ್ದು ಸ್ತ್ರೀಯಲ್ಲ, ಒಬ್ಬ ಮೂರ್ಖ. ಆ ಮೂರ್ಖನ ಎದೆಯಲ್ಲಿ ಒಂದು ಸೀಳು. ಅವನ ಹೃದಯವು ಯಾರಿಗೆಂದರೆ ಅವರಿಗೆ ಸದಾ ತೆರೆದಿರುತ್ತದೆಂದು ಅದರ ಸಂಕೇತಾರ್ಥ! ವಿಕ್ಟೋರಿಯಾ ಯುಗದ ಸಂಕೋಚವನ್ನು ನೆನೆದು ನಾವು ನಗಬಹುದು. ಆದರೆ ನಗುವುದಕ್ಕಿಂತ ಮುಂಚೆ ಅವನ ತಪ್ಪಿನ ಸ್ವರೂಪವನ್ನು ಗುರುತಿಸಬೇಕು. ಪ್ರತಿಯೊಂದಕ್ಕೂ ಉನ್ನತವಾದ ಅರ್ಥವಿರಲೇಬೇಕೆಂಬ ಹಟವು ಕಣ್ಣೆದುರಿನ ವಸ್ತುವನ್ನೇ ಮರೆಮಾಡಿತು. ಸಂಕೋಚವು ಅದಕ್ಕೆ ನೆರವಾಯಿತಷ್ಟೆ.

ಈ ಹಟವು ಲೂಯಿಸನೊಂದಿಗೆ ಮುಗಿಯಲಿಲ್ಲ. 20ನೆಯ ಶತಮಾನದಲ್ಲಿ ಅದು ವೇಷವನ್ನು ಬದಲಿಸಿ ಮರಳಿತು. ಬಾಗಿಲ ಬೋದಿಗೆಯಲ್ಲಿ ಬಳ್ಳಿಯನ್ನು ಉಗುಳುವ ಮುಖವನ್ನು ಈಗ ಎಲ್ಲರೂ ಹಸುರು ಮನುಷ್ಯನೆಂದು ಕರೆಯುತ್ತಾರೆ; ಕ್ರೈಸ್ತಧರ್ಮಕ್ಕಿಂತ ಹಿಂದಿನ ವನದೇವತೆಯೆಂದು ಭಾವಿಸುತ್ತಾರೆ. ಆದರೆ ಇಂಥ ಮುಖಗಳಿಗೆ ಆ ಹೆಸರನ್ನು ಕೊಟ್ಟವರು ಲೇಡಿ ರಾಗ್ಲನ್. ಜಾನಪದ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅವರ ಲೇಖನದ ವರ್ಷ 1939. ಅವರ ಕುತೂಹಲವನ್ನು ಕೆರಳಿಸಿದ್ದು ಮನ್‌ಮತ್‌ಷೈರಿನ ಒಂದು ಚರ್ಚಿನ ಕೆತ್ತನೆ. ನಾಮಕರಣವಾಗಿ ನೂರು ವರ್ಷ ತುಂಬದ ದೇವತೆಗೆ ಸಾವಿರಾರು ವರ್ಷಗಳ ಆಯುಷ್ಯವನ್ನು ಹಂಚಿದಂತಾಯಿತು. ಎಲೆಗಳಿಂದ ಹೊರಹೊಮ್ಮುವ ಮುಖವು ರೋಮನ್ ಶಿಲ್ಪದಲ್ಲಿಯೇ ಇದ್ದುದು ನಿಜ. ಅದು ಅಲಂಕಾರಪದ್ಧತಿಯಾಗಿ ಕೈಯಿಂದ ಕೈಗೆ ಬಂದಿತೆಂಬುದಕ್ಕೆ ಬೇಕಾದಷ್ಟು ನಿದರ್ಶನಗಳಿವೆ. ಪೂಜೆಗೊಂಡು ಬಂದಿತೆಂಬುದಕ್ಕೆ ಕಿಲ್ಪೆಕ್ಕಿನಲ್ಲಿ ಒಂದೂ ಇಲ್ಲ.

ಸ್ತ್ರೀಮೂರ್ತಿಯನ್ನು ಕುರಿತೂ ಹೀಗೆಯೇ. ಅದು ಫಲವಂತಿಕೆಯ ದೇವಿಯೆಂಬ ಮಾತು ಬಹು ಜನಪ್ರಿಯವಾಗಿದೆ. 1977ರಲ್ಲಿ ಯೋರ್ಗನ್ ಆಂಡರ್ಸನ್ನರು ಈ ಜಾತಿಯ ಮೂರ್ತಿಗಳನ್ನು ಮೊದಲ ಬಾರಿಗೆ ವಿಸ್ತಾರವಾಗಿ ಗ್ರಂಥಸ್ಥ ಮಾಡಿದರು. 1986ರಲ್ಲಿ ಆಂಥನಿ ವೀರ್ ಮತ್ತು ಜೇಮ್ಸ್ ಜೆರ್ಮನ್ ಅವರು ಫ್ರಾನ್ಸ್ ಮತ್ತು ಸ್ಪೇನುಗಳ ಯಾತ್ರಾಮಾರ್ಗದ ಚರ್ಚುಗಳಲ್ಲಿರುವ ಅಂಥದೇ ಕೆತ್ತನೆಗಳನ್ನು ಒಟ್ಟುಗೂಡಿಸಿ, ಇವು ಕಾಮದ ಪಾಪವನ್ನು ಕುರಿತ ಎಚ್ಚರಿಕೆಗಳೆಂದು ವಾದಿಸಿದರು. ಇವರ ವಾದವು ದೇವಿಯ ವಾದಕ್ಕಿಂತ ಹೆಚ್ಚು ಗಟ್ಟಿಯಾದ ನೆಲದ ಮೇಲೆ ನಿಂತಿದೆಯೆಂದು ನಾವು ಒಪ್ಪುತ್ತೇವೆ. ಹಾಗಿದ್ದೂ ಒಂದು ಶಂಕೆ ಉಳಿಯುತ್ತದೆ. ಎಚ್ಚರಿಕೆಯು ಎಚ್ಚರಿಕೆಯಾಗಬೇಕಾದರೆ ಅದು ಎಚ್ಚರಗೊಳ್ಳಬೇಕಾದವನ ಕಣ್ಣಿಗೆ ಬೀಳಬೇಕು. ಈ ಮೂರ್ತಿಯು ಬಾಗಿಲ ಬಳಿಯಲ್ಲಿಲ್ಲ. ಕಟ್ಟಡದ ಪೂರ್ವದ ತುದಿಯಲ್ಲಿ, ಸೂರಿನಡಿಯಲ್ಲಿ, ತನ್ನಷ್ಟೇ ಗಾತ್ರದ ಹತ್ತಾರು ತಲೆಗಳ ನಡುವೆ ಇದೆ. ಅದರ ಮುಖದಲ್ಲಿ ನರಕಯಾತನೆಯ ಚಿಹ್ನೆಯೂ ಇಲ್ಲ. ದುಂಡು ತಲೆ, ಅಗಲವಾದ ಕಣ್ಣು. ಪಕ್ಕದ ಕಲ್ಲುಗಳಲ್ಲಿ ಕಾಣುವ ಅದೇ ವಿನೋದದ ಕೈವಾಡ.

ಛಾಯಾಚಿತ್ರಗಳು ನಮ್ಮ ವಿಮರ್ಶೆಯನ್ನು ದಾರಿತಪ್ಪಿಸಿರುವುದು ಇಲ್ಲಿಯೇ. ಗ್ರಂಥಗಳಲ್ಲಿ ಪ್ರತಿಯೊಂದು ಚಾಚುಗಲ್ಲಿಗೂ ಒಂದು ಅಂಕೆ, ಒಂದು ಪ್ರತ್ಯೇಕ ಚಿತ್ರ. ಪುಟ ತುಂಬಿದ ಆ ಮುಖವನ್ನು ನೋಡಿದಾಗ ಅದು ನಮ್ಮೊಡನೆ ಏನೋ ಹೇಳಲು ಬಂದಂತೆ ತೋರುವುದು ಸಹಜ. ಗೋಡೆಯ ಕೆಳಗೆ ನಿಂತವನಿಗೆ ಮಾತ್ರ ಅದು ಸಾಲಿನಲ್ಲಿ ಒಂದು. ಬಿಸಿಲು ನೆರಳುಗಳ ಲಯದಲ್ಲಿ ಒಂದು ಮಾತ್ರೆ. ಪದ್ಯದ ಪಾದದಿಂದ ಒಂದು ಅಕ್ಷರವನ್ನು ಕಿತ್ತು ಅದರ ಅರ್ಥವೇನೆಂದು ಕೇಳುವವನ ಪ್ರಶ್ನೆಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಕಲ್ಲುಕುಟಿಗನ ಮುಂದೆ ಒಂದೇ ಅಳತೆಯ ಕಲ್ಲುಗಳ ರಾಶಿ ಇದ್ದಿತು. ಪ್ರತಿಯೊಂದನ್ನೂ ಬೇರೆಯಾಗಿಸಬೇಕೆಂಬುದೊಂದೇ ಕಟ್ಟಳೆ. ಮಾದರಿಗಳು ತಿಳಿದಷ್ಟು ಕಾಲ ಮಾದರಿಗಳು, ಮುಗಿದ ಮೇಲೆ ಸುತ್ತಲಿನ ಬದುಕು. ನಾಯಿಯೂ ಮೊಲವೂ ಅಲ್ಲಿಂದಲೇ ಬಂದಿರಬೇಕು. ಹ್ಯೂವಿನ ಊಳಿಗ ಅರಣ್ಯದ್ದು, ಬೇಟೆಯ ಪ್ರಾಣಿಗಳಿಗೆ ಕೊರತೆಯಿರಲಿಲ್ಲ.

ಹಾಗಾದರೆ ಚಾಚುಗಲ್ಲುಗಳು ಅರ್ಥಶೂನ್ಯವೆ? ಹಾಗೆನ್ನುವುದು ಇನ್ನೊಂದು ಅತಿರೇಕ. ಕುರಿಮರಿಯು ಶಿಲುಬೆಯನ್ನು ಹೊತ್ತಿರುವಾಗ ಅದನ್ನು ಬರಿಯ ಕುರಿಯೆನ್ನುವುದು ಹೇಗೆ? ನಾವು ಹೇಳುವುದಿಷ್ಟೆ: ಬಾಗಿಲಲ್ಲಿ ಮತ್ತು ಕಮಾನಿನಲ್ಲಿ ಅರ್ಥವು ಸಮಗ್ರ ರಚನೆಯಲ್ಲಿದೆ, ಸೂರಿನ ಸಾಲಿನಲ್ಲಿ ಅದು ಚದುರಿದೆ, ಅಲ್ಲೊಂದು ಇಲ್ಲೊಂದು ಹೊಳೆದು ಮಾಯವಾಗುತ್ತದೆ. ಇದನ್ನು ಸಮಕಾಲೀನರೂ ಗಮನಿಸದೆ ಇರಲಿಲ್ಲ. ಕ್ಲೇರ್ವೋ ಮಠದ ಬರ್ನಾರ್ಡನು ಸುಮಾರು 1125ರಲ್ಲಿ ಬರೆದ ಪ್ರಸಿದ್ಧವಾದ ಪತ್ರದಲ್ಲಿ, ಮಠಗಳ ಮೊಗಸಾಲೆಗಳಲ್ಲಿ ಕೆತ್ತಿದ ವಿಕಟಪ್ರಾಣಿಗಳಿಂದ ಏನು ಪ್ರಯೋಜನವೆಂದು ಕಟುವಾಗಿ ಕೇಳುತ್ತಾನೆ. ಅವನು ಆಡಿದ್ದು ಮಠಗಳನ್ನು ಕುರಿತು. ಹಳ್ಳಿಯ ಚರ್ಚುಗಳಿಗೆ ಅದನ್ನು ನೇರವಾಗಿ ಅನ್ವಯಿಸಲಾಗದು. ಆದರೂ ಎಲ್ಲದಕ್ಕೂ ಗೂಢಾರ್ಥವು ಆಗ ಸರ್ವವಿದಿತವಾಗಿದ್ದರೆ ಆ ಯುಗದ ಅಷ್ಟು ದೊಡ್ಡ ಧರ್ಮಜ್ಞನಿಗೆ ಅದು ತಿಳಿಯದೆ ಹೋಯಿತೆಂದು ನಂಬುವುದು ಕಷ್ಟ.

ಮೊದಲು ಎತ್ತಿದ ಪ್ರಶ್ನೆಗೆ, ಈ ಚರ್ಚು ಯಾರದು ಎಂಬುದಕ್ಕೆ, ಚಾಚುಗಲ್ಲುಗಳೇ ಒಂದು ಉತ್ತರವನ್ನು ಸೂಚಿಸುತ್ತವೆ. ಪಶ್ಚಿಮದ ಗೋಡೆಯ ಕಿಟಕಿಗೆ ಹೆಣಿಗೆಯ ಕೆತ್ತನೆಯ ಕಂಬಗಳಿವೆ. ಅದೇ ಗೋಡೆಯಿಂದ ಬಾಯಿ ತೆರೆದ ದೊಡ್ಡ ನಾಗತಲೆಗಳು, ಸ್ಕ್ಯಾಂಡಿನೇವಿಯಾದ ಮರಗೆಲಸವನ್ನು ನೆನಪಿಗೆ ತರುವಂತೆ, ಹೊರಚಾಚಿವೆ. ಇದು ಕೋಟೆಗೆ ಎದುರಾದ ಗೋಡೆ. ಇಷ್ಟನ್ನೇ ನೋಡಿದರೆ ಚರ್ಚು ಒಡೆಯನ ವೈಭವಪ್ರದರ್ಶನವೆಂದು ತೀರ್ಮಾನಿಸಬಹುದು. ಹಾಗೆ ತೀರ್ಮಾನಿಸುವುದು ಇತ್ತೀಚಿನ ಇತಿಹಾಸಕಾರರಿಗೆ ಪ್ರಿಯವಾದ ಹಾದಿಯೂ ಹೌದು. ಆದರೆ ಚಾಚುಗಲ್ಲಿನ ಸಾಲು ಪಶ್ಚಿಮ ದಕ್ಷಿಣಗಳಲ್ಲಿ ನಿಲ್ಲುವುದಿಲ್ಲ. ಬಿಸಿಲು ಬೀಳದ ಉತ್ತರದ ಗೋಡೆಯ ಮೇಲೂ ಅದು ಅದೇ ಹುರುಪಿನಿಂದ ಸಾಗುತ್ತದೆ. ಒಡೆಯನ ಕಣ್ಣಿಗಾಗಿಯೇ ಕೆಲಸ ನಡೆದಿದ್ದರೆ ಆ ಕಡೆಯಲ್ಲಿ ಸಾದಾ ಕಲ್ಲುಗಳನ್ನಿಟ್ಟು ಮುಗಿಸಿಬಿಡಬಹುದಾಗಿತ್ತು. ಹಣ ಕೊಟ್ಟವನು ಹ್ಯೂ ಇರಬಹುದು. ಉತ್ತರದ ಗೋಡೆಯನ್ನು ಕೆತ್ತಿದವನು ಅವನನ್ನು ಮರೆತಿದ್ದನು.

ಇಂಥ ಚರ್ಚು ಉಳಿದದ್ದು ಹೇಗೆ? ಕಲ್ಲಿನ ಗುಣವೇ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ಸೀಮೆಯ ಕೆಂಪು ಮರಳುಗಲ್ಲು ಗಟ್ಟಿಯಾದುದೆಂಬುದು ಸರಿಯೆ. ಎಂಟುನೂರು ಎಂಬತ್ತು ಮಳೆಗಾಲಗಳಾದರೂ ಉಳಿಯ ಏಟಿನ ಅಂಚು ಅನೇಕ ಕಡೆ ಮಾಸಿಲ್ಲ. ಆದರೆ ಕಲ್ಲು ಎಷ್ಟು ಗಟ್ಟಿಯಾದರೇನು, ಸಂಪತ್ತಿನ ಕೈಯಿಂದ ಅದು ಪಾರಾಗುವುದಿಲ್ಲ. ಷಾಬ್ಡನ್ನಿನ ಗತಿಯನ್ನು ನೋಡಿರಿ. ಅಲ್ಲಿ 18ನೆಯ ಶತಮಾನದ ನಡುವಿನಲ್ಲಿ ಹಳೆಯ ಚರ್ಚನ್ನು ಕೆಡವಿ ಆ ಕಾಲದ ಅಭಿರುಚಿಗೆ ಒಪ್ಪುವ ಹೊಸದೊಂದನ್ನು ಕಟ್ಟಿದರು. ಹಳೆಯ ಕಮಾನುಗಳನ್ನೂ ಫಲಕಗಳನ್ನೂ ಗುಡ್ಡದ ಮೇಲೆ, ಬಯಲಿನಲ್ಲಿ, ಬಂಗಲೆಯವರ ನೋಟಕ್ಕೆ ಅಂದವಾಗಲೆಂದು ನಿಲ್ಲಿಸಿದರು. ಮಳೆ ಗಾಳಿಗಳಿಗೆ ಸಿಕ್ಕಿ ಅವು ಇಂದು ಗುರುತು ಹಿಡಿಯಲಾರದಷ್ಟು ಸವೆದಿವೆ. ಅವುಗಳ ರೂಪವನ್ನು ತಿಳಿಯಲು 1852ರಲ್ಲಿ ಪ್ರಕಟವಾದ ಚಿತ್ರಗಳನ್ನು ಆಶ್ರಯಿಸಬೇಕು. ಅವನ್ನು ಬರೆದವನೂ ನಾವು ಮೇಲೆ ಟೀಕಿಸಿದ ಲೂಯಿಸನೇ. ಅರ್ಥ ಹೇಳುವಾಗ ಎಡವಿದವನ ಕೈ ಗೆರೆ ಎಳೆಯುವಾಗ ಎಡವಲಿಲ್ಲ.

ಕಿಲ್ಪೆಕ್ಕಿಗೆ ಈ ಗತಿ ಬಾರದಿದ್ದುದಕ್ಕೆ ಅದರ ದೌರ್ಭಾಗ್ಯವೇ ಕಾರಣ. ಕೋಟೆ ಹಾಳಾಯಿತು, 15ನೆಯ ಶತಮಾನದಲ್ಲಿ ಉಪಮಠ ಮುಚ್ಚಿತು, ಹಳ್ಳಿ ಕುಗ್ಗಿತು. ಹೊಸ ಗೋಪುರ ಬೇಕೆನ್ನುವವರೂ ಇರಲಿಲ್ಲ, ಹೆಚ್ಚಿದ ಜನಕ್ಕೆ ಪಕ್ಕದ ಸಾಲು ಬೇಕೆನ್ನುವ ಅಗತ್ಯವೂ ಬೀಳಲಿಲ್ಲ. 1840ರ ದಶಕದಲ್ಲಿ ಎಲ್. ಎನ್. ಕಾಟಿಂಗ್‌ಹ್ಯಾಮ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ ಜೀರ್ಣೋದ್ಧಾರ ನಡೆಯಿತು. ವಿಕ್ಟೋರಿಯಾ ಯುಗದ ಜೀರ್ಣೋದ್ಧಾರವೆಂದರೆ ಹಲವು ಕಡೆ ಹೊಸ ನಿರ್ಮಾಣವೆಂದೇ ಅರ್ಥ. ಇಲ್ಲಿ ಕೈ ಹಗುರವಾಗಿತ್ತು. ಚರ್ಚಿನಲ್ಲಿ ಇಂದಿಗೂ ಆರಾಧನೆ ನಡೆಯುತ್ತಿದೆ.

ಎರಡು ವಸ್ತುಗಳು ಮಾತ್ರ ನೋಡುವವರ ಕಣ್ಣಿಗೆ ಸಾಮಾನ್ಯವಾಗಿ ಬೀಳುವುದಿಲ್ಲ. ಒಳಗೆ ದೀಕ್ಷಾಸ್ನಾನದ ಕಲ್ಲಿನ ಪಾತ್ರೆಯಿದೆ. ಈರ್ಡಿಸ್ಲಿಯಲ್ಲಿ ಇದೇ ಪರಂಪರೆಯವರು ಅಂಥ ಪಾತ್ರೆಯ ಸುತ್ತ ಕಾದಾಡುವ ಯೋಧರನ್ನೂ ಸಿಂಹವನ್ನೂ 
ತುಂಬಿಬಿಟ್ಟಿದ್ದಾರೆ, ಕಿಲ್ಪೆಕ್ಕಿನದು ದೊಡ್ಡದಾದ, ಸಾದಾ ಬೋಗುಣಿ. ಪ್ಯಾರಿಷ್ಷನ್ನು ಪ್ಯಾರಿಷ್ಷಾಗಿ ಮಾಡಿದ ವಸ್ತುವಿನ ಮೇಲೆ ಒಂದು ಎಲೆಯೂ ಇಲ್ಲ. ಹೊರಗೆ, ನೇವಿನ ಈಶಾನ್ಯದ ಮೂಲೆಯಲ್ಲಿ, ಉಳಿದ ಗೋಡೆಗೆ ಹೊಂದಿಕೊಳ್ಳದ ಒರಟುಕಲ್ಲಿನ ಒಂದು ತುಂಡುಗೋಡೆ ನಿಂತಿದೆ. ನಾರ್ಮನ್ನರಿಗಿಂತ ಹಿಂದಿನ, ಸ್ಯಾಕ್ಸನ್ ಕಾಲದ ಚರ್ಚಿನ ಅವಶೇಷವೆಂದು ಅದನ್ನು ಸಾಮಾನ್ಯವಾಗಿ ಎಣಿಸುತ್ತಾರೆ. ಹ್ಯೂವಿನ ಕೆಲಸಗಾರರು ಅದನ್ನು ಕೆಡವದೆ, ಕೆತ್ತದೆ, ಹೊಸ ಗೋಡೆಯನ್ನು ಅದಕ್ಕೆ ತಾಗಿಸಿ ಕಟ್ಟಿದ್ದಾರೆ.